ಕುರಿ ಬಿಟ್ಟ ಮೇವು ತೂಗುವ ಕೆಲಸ

ಟಗರು ಬಿಡುವ ಮುಂಚೆ ಕುರಿಗೆ ಕೆಲವು ದಿನ ಚೆನ್ನಾಗಿ ತಿನ್ನಿಸಿದರೆ ಅವಳಿ ಮರಿ ಜಾಸ್ತಿ ಹುಟ್ಟುತ್ತವೆ ಅನ್ನುವುದು ಕುರಿ ಸಾಕುವವರಿಗೆ ಹೊಸ ಮಾತೇನಲ್ಲ. ಪುಸ್ತಕಗಳಲ್ಲಿ ಫ್ಲಶಿಂಗ್ ಅಂತ ಬರುವುದು ಇದೇ. ಆದರೆ ಎಷ್ಟು ತಿನ್ನಿಸಬೇಕು, ಯಾವಾಗಿಂದ ಶುರು ಮಾಡಬೇಕು, ಯಾವ ಕುರಿಗೆ ತಿನ್ನಿಸಿದರೆ ಲಾಭ, ಯಾವುದಕ್ಕೆ ತಿನ್ನಿಸಿದರೆ ದಾಣಿ ದಂಡ ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಇದೇ ಪ್ರಶ್ನೆ ಇಟ್ಟುಕೊಂಡು ನಡೆದ ಒಂದು ಪ್ರಯೋಗದಲ್ಲಿ ನಾನು ಸಂಶೋಧನಾ ಸಹಾಯಕಿಯಾಗಿ ಶುರುವಿನಿಂದ ಮರಿ ಹುಟ್ಟುವವರೆಗೂ ಇದ್ದೆ. ಕೊನೆಗೆ ಅಚ್ಚಾಗುವ ಪ್ರಬಂಧದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಎರಡು ಸಾಲಲ್ಲಿ ಮುಗಿದುಹೋಗಿರುತ್ತದೆ. ಆ ಎರಡು ಸಾಲಿನ ಒಳಗೆ ಏನಿರುತ್ತದೆ ಅಂತ ಹೇಳೋಣ ಅನ್ನಿಸಿತು.

ಕೆಲಸ ಶುರುವಾಗಿದ್ದು ಕೊಟ್ಟಿಗೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಎಷ್ಟು ಕುರಿ ಬೇಕು ಅನ್ನುವ ಲೆಕ್ಕ. ನನಗೆ ಮೊದಲು ತೋಚಿದ್ದು ಸುಲಭದ ದಾರಿ: ಒಂದು ಗುಂಪಿಗೆ ಜಾಸ್ತಿ ದಾಣಿ ಕೊಡೋಣ, ಇನ್ನೊಂದಕ್ಕೆ ಮಾಮೂಲಿ, ಆಮೇಲೆ ಎಷ್ಟು ಗಬ್ಬ ಕಟ್ಟಿದವು ಅಂತ ಎಣಿಸೋಣ. ನಮ್ಮ ಸರ್ ಒಂದು ಹಾಳೆ ತೆಗೆದು ಲೆಕ್ಕ ಹಾಕಿ ತೋರಿಸಿದರು. ಗಬ್ಬ ಕಟ್ಟುವುದು ಹೌದು-ಇಲ್ಲ ಅನ್ನುವ ಉತ್ತರ. ಅಂಥ ಉತ್ತರದಲ್ಲಿ ಮಾಹಿತಿ ಕಡಿಮೆ. ಒಂದು ಗುಂಪಲ್ಲಿ ನೂರಕ್ಕೆ 60, ಇನ್ನೊಂದರಲ್ಲಿ ನೂರಕ್ಕೆ 75 ಗಬ್ಬ ಕಟ್ಟುತ್ತವೆ ಅಂತಿಟ್ಟುಕೊಳ್ಳಿ. ಸಾಕುವವರಿಗೆ ಇದು ಭಾರೀ ವ್ಯತ್ಯಾಸ ಅಲ್ವಾ? ಆದರೆ ಅದು ಬರೀ ಅದೃಷ್ಟದ ಆಟ ಅಲ್ಲ ಅಂತ ಒಂದು ಮಟ್ಟಿನ ಧೈರ್ಯದಿಂದ ಹೇಳಬೇಕಾದರೆ (ನಿಜವಾದ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ ನೂರಕ್ಕೆ 80, ಇಲ್ಲದ್ದನ್ನು ಇದೆ ಅನ್ನುವ ಅಪಾಯ ನೂರಕ್ಕೆ 5, ಮಾಮೂಲಿಯಾಗಿ ಇಟ್ಟುಕೊಳ್ಳುವ ಲೆಕ್ಕ ಇದು) ಒಂದೊಂದು ಗುಂಪಿಗೂ ಸುಮಾರು 150 ಕುರಿ ಬೇಕು. ಅಷ್ಟನ್ನೂ ಬಿಡಿಬಿಡಿಯಾಗಿ ಕಟ್ಟಿ, ಒಂದೊಂದು ತಿಂದಿದ್ದನ್ನೂ ಬೇರೆಬೇರೆ ತೂಗುವುದು ಯಾರಿಗೂ ಆಗುವ ಮಾತಲ್ಲ.

ಹಾಗಾಗಿ ಅಳೆಯುವ ವಸ್ತುವನ್ನೇ ಬದಲಾಯಿಸಿದೆವು. ಗಬ್ಬ ಎಣಿಸುವ ಬದಲು ಆ ಸಲದ ಬೆದೆಯಲ್ಲಿ ಅಂಡಾಶಯದಿಂದ ಎಷ್ಟು ಅಂಡ ಬಿಡುಗಡೆ ಆದವು ಅಂತ ಎಣಿಸುವುದು. ಅಂಡ ಹೊರಬಿದ್ದ ಜಾಗದಲ್ಲೆಲ್ಲ ಕಾರ್ಪಸ್ ಲೂಟಿಯಂ ಅನ್ನುವ ಸಣ್ಣ ಗಂಟು ಒಂದೊಂದು ಬೆಳೆಯುತ್ತದೆ. ಅದನ್ನು ಎಣಿಸಿದರೆ ಅಂಡ ಎಣಿಸಿದ ಹಾಗೆ. ದಾಣಿಯ ಪರಿಣಾಮ ನೇರವಾಗಿ ಕಾಣುವುದೂ ಅಲ್ಲೇ. ಗಬ್ಬ ಕಟ್ಟುವುದರ ನಡುವೆ ಟಗರು, ವೀರ್ಯ, ಬಿಸಿಲು, ಭ್ರೂಣ ಉಳಿಯುವುದು ಬಿಡುವುದು ಇವೆಲ್ಲ ಬಂದು ಕಲಸಿಹೋಗುತ್ತವೆ. ಗಬ್ಬ ಮತ್ತು ಮರಿಗಳ ಲೆಕ್ಕವನ್ನೂ ಬರೆದುಕೊಳ್ಳುತ್ತೇವೆ, ಆದರೆ ತೀರ್ಮಾನ ಅದರ ಮೇಲೆ ನಿಲ್ಲುವುದಿಲ್ಲ ಅಂತ ಮೊದಲೇ ಬರೆದಿಟ್ಟೆವು. ಮೊದಲೇ ಬರೆದಿಡುವುದು ಮುಖ್ಯ. ಆಮೇಲೆ ಚೆನ್ನಾಗಿ ಬಂದ ಅಂಕಿಯನ್ನು ಆರಿಸಿಕೊಂಡು ಇದನ್ನೇ ನೋಡಲು ಹೊರಟಿದ್ದೆವು ಅನ್ನುವ ಆಸೆ ಯಾರಿಗಾದರೂ ಬರುತ್ತದೆ.

ನೈತಿಕ ಸಮಿತಿಯ ಅರ್ಜಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಾಣಿ ಪ್ರಯೋಗಕ್ಕೆ ರಸೆಲ್ ಮತ್ತು ಬರ್ಚ್ 1959ರಲ್ಲಿ ಹಾಕಿಕೊಟ್ಟ ಮೂರು ಪ್ರಶ್ನೆಗಳೇ ಈಗಲೂ ಅರ್ಜಿಯ ಬೆನ್ನೆಲುಬು: ಪ್ರಾಣಿ ಬಿಟ್ಟು ಬೇರೆ ದಾರಿ ಇದೆಯಾ, ಕಡಿಮೆ ಸಂಖ್ಯೆಯಲ್ಲಿ ಆಗುತ್ತದಾ, ನೋವು ಕಡಿಮೆ ಮಾಡಬಹುದಾ. ಸಮಿತಿಯವರು ಒಂದೇ ವಿಷಯಕ್ಕೆ ಗಟ್ಟಿಯಾಗಿ ಪಟ್ಟು ಹಿಡಿದರು. ನಮ್ಮ ಪ್ರಯೋಗದಲ್ಲಿ ಬಡಕಲು ಕುರಿಗಳ ಗುಂಪೊಂದು ಬೇಕಿತ್ತು. ಉಪವಾಸ ಕೆಡವಿ ಬಡಕಲು ಮಾಡುವಂತಿಲ್ಲ, ಮರಿಗೆ ಹಾಲೂಡಿಸಿ ಇಳಿದುಹೋಗಿರುವ ಕುರಿಗಳನ್ನೇ ಮಂದೆಯಿಂದ ಆರಿಸಿಕೊಳ್ಳಿ ಅಂದರು. ಸರಿಯಾದ ಮಾತು. ಇದರಿಂದ ಕೆಲಸ ಮಾತ್ರ ಹೆಚ್ಚಾಯಿತು.

ಆರಿಸುವುದು ಅಂದರೆ ಕೈಯಿಂದ ಮುಟ್ಟಿ ನೋಡುವುದು. ಕುರಿಯ ತೂಕ ಒಂದೇ ನೋಡಿ ಏನೂ ಹೇಳಲಾಗುವುದಿಲ್ಲ. ದೊಡ್ಡ ಎಲುಬಿನ ಬಡಕಲು ಕುರಿಯೂ ಸಣ್ಣ ಎಲುಬಿನ ದಪ್ಪ ಕುರಿಯೂ ತಕ್ಕಡಿ ಮೇಲೆ ಒಂದೇ ತೂಗಬಹುದು, ಅದರ ಮೇಲೆ ಹೊಟ್ಟೆ ತುಂಬಿದೆಯಾ ಖಾಲಿ ಇದೆಯಾ ಅನ್ನುವುದೇ ಕೆಲವು ಕಿಲೋ ಆಚೀಚೆ ಮಾಡುತ್ತದೆ, ಉಣ್ಣೆ ನೆಂದಿದ್ದರೆ ಅದೂ ಸೇರಿಕೊಳ್ಳುತ್ತದೆ. ಅದಕ್ಕೇ ಮೈಕಟ್ಟಿನ ಅಂಕ ಕೊಡುವ ಪದ್ಧತಿ. 1961ರಲ್ಲಿ ಆಸ್ಟ್ರೇಲಿಯಾದ ಜೆಫರೀಸ್ ಕುರಿಗಳಿಗಾಗಿ ಬರೆದಿಟ್ಟಿದ್ದು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಬೆನ್ನುಮೂಳೆ ಮೇಲೆ ಅಂಗೈ ಇಡಬೇಕು. ನಡುವಿನ ಮೂಳೆ ತುದಿ ಚೂಪಾಗಿ ಚುಚ್ಚುತ್ತದಾ, ದುಂಡಗಿದೆಯಾ, ಸಿಗುವುದೇ ಇಲ್ವಾ ಅಂತ ನೋಡಬೇಕು. ಆಮೇಲೆ ಬೆರಳುಗಳನ್ನು ಪಕ್ಕಕ್ಕೆ ಜಾರಿಸಿ, ಅಡ್ಡ ಚಾಚಿದ ಎಲುಬಿನ ತುದಿಯ ಕೆಳಗೆ ಬೆರಳು ತೂರುತ್ತದಾ ನೋಡಬೇಕು. ಸಲೀಸಾಗಿ ತೂರಿದರೆ 1 ಅಥವಾ 2. ಒತ್ತಿದರೆ ಮಾತ್ರ ಸಿಕ್ಕಿದರೆ 3. ಎಷ್ಟು ಒತ್ತಿದರೂ ಕೊಬ್ಬೇ ಸಿಕ್ಕಿದರೆ 4, 5. ಮೂವರು ಬೇರೆಬೇರೆಯಾಗಿ ಮುಟ್ಟಿ, ಒಬ್ಬರಿಗೊಬ್ಬರು ಹೇಳದೆ ಅಂಕ ಬರೆಯಬೇಕು. ಶುರುವಿನಲ್ಲಿ ನಮ್ಮ ಅಂಕಗಳು ತಾಳೆಯೇ ಆಗುತ್ತಿರಲಿಲ್ಲ. ಹತ್ತಾರು ಕುರಿ ಆದ ಮೇಲೆ ಅರ್ಧ ಅಂಕದ ಒಳಗೆ ಬಂದೆವು. ಮಂದೆ ನೋಡಿಕೊಳ್ಳುವ ಅಣ್ಣ ಒಬ್ಬರಿದ್ದರು, ಅವರು ನಡೆಯುವ ಕುರಿಯ ಬೆನ್ನಿಗೆ ಸುಮ್ನೆ ಕೈ ತಾಗಿಸಿ ಹೇಳಿದ ಅಂಕ ನಮ್ಮ ಮೂವರ ಸರಾಸರಿಗೆ ಹೊಂದುತ್ತಿತ್ತು.

ಹಲ್ಲು ನೋಡಿ ವಯಸ್ಸು ಬರೆದುಕೊಂಡೆವು. ಹಿಂದೆ ಅವಳಿ ಹಾಕಿದ ಕುರಿ ಯಾವುದು ಅಂತ ದಾಖಲೆ ನೋಡಿದೆವು, ಯಾಕೆಂದರೆ ಕೆಲವು ತಳಿಗಳ ರಕ್ತದಲ್ಲೇ ಅವಳಿ-ತ್ರಿವಳಿ ಇರುತ್ತದೆ. ಬೂರೂಲಾ ಮೆರಿನೊ ಅನ್ನುವ ಕುರಿ ತಳಿಯಲ್ಲಿ ಹೆಸರಾದ ವಂಶವಾಹಿಯ ಒಂದು ಪ್ರತಿ ಇದ್ದರೂ ಸಾಕು, ಸರಾಸರಿ ಒಂದಕ್ಕಿಂತ ಜಾಸ್ತಿ ಅಂಡ ಹೆಚ್ಚುವರಿಯಾಗಿ ಬಿಡುಗಡೆ ಆಗುತ್ತದೆ. ಅಂಥ ಕುರಿಗಳು ಒಂದೇ ಗುಂಪಿಗೆ ಬಿದ್ದುಬಿಟ್ಟರೆ ದಾಣಿಗೆ ಸಿಗಬಾರದ ಹೆಸರು ಸಿಕ್ಕಿಬಿಡುತ್ತದೆ. ವಯಸ್ಸು, ತೂಕ, ಮೈಕಟ್ಟು, ಹಿಂದೆ ಹಾಕಿದ ಮರಿಗಳ ಲೆಕ್ಕ ನೋಡಿ ಜೋಡಿ ಮಾಡಿ, ಆಮೇಲೆ ಚೀಟಿ ಎತ್ತಿ ಗುಂಪಿಗೆ ಹಾಕಿದೆವು. ನಾಲ್ಕು ಗುಂಪು: ಬಡಕಲು ಕುರಿಗೆ ಮಾಮೂಲಿ ಮೇವು, ಬಡಕಲು ಕುರಿಗೆ ಹೆಚ್ಚು ದಾಣಿ, ಮೈ ತುಂಬಿದ ಕುರಿಗೆ ಮಾಮೂಲಿ, ಮೈ ತುಂಬಿದ ಕುರಿಗೆ ಹೆಚ್ಚು ದಾಣಿ.

ಇಲ್ಲಿಂದ ಮುಂದೆ ಕಾಯುವುದು. ಹೊಸ ಮೇವಿಗೆ ಹಾಕಿದ ದಿನದಿಂದಲೇ ಅಳತೆ ಶುರು ಮಾಡುವಂತಿಲ್ಲ. ಮೆಲುಕು ಹಾಕುವ ಪ್ರಾಣಿಗೆ ತಿನ್ನಿಸುವುದು ಅಂದರೆ ಮೊದಲು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ತಿನ್ನಿಸುವುದು. ಅದರ ಮೊದಲ ದೊಡ್ಡ ಹೊಟ್ಟೆಯಾದ ರೂಮೆನ್‌ನ ಒಂದು ಮಿಲಿಲೀಟರ್ ದ್ರವದಲ್ಲಿ ಸಾವಿರ ಕೋಟಿ ಮೀರಿದ ಬ್ಯಾಕ್ಟೀರಿಯಾ ಇರುತ್ತವೆ. ನಾರನ್ನು ಮುರಿಯುವ ಜೀವಿಗಳೇ ಬೇರೆ, ಪಿಷ್ಟ ತಿನ್ನುವ ಜೀವಿಗಳೇ ಬೇರೆ. ಮೇವು ಬದಲಾದರೆ ಇವುಗಳ ಬಲಾಬಲ ಬದಲಾಗಬೇಕು, ಅದಕ್ಕೆ ಎರಡು ಮೂರು ವಾರ ಬೇಕು. ಅವಸರ ಮಾಡಿ ಒಮ್ಮೆಲೇ ಕಾಳು ಸುರಿದರೆ ಹುಳಿ ಹೆಚ್ಚಾಗಿ ಕುರಿ ಮೇವು ಬಿಟ್ಟು ಮಲಗುತ್ತದೆ, ಕೆಲವು ಸಲ ಸತ್ತೇ ಹೋಗುತ್ತದೆ. ಹಾಗಾಗಿ ಎಲ್ಲ ಕುರಿಗಳಿಗೂ ಮೊದಲು ಒಂದೇ ಮೇವು, ಅದರ ಜೊತೆ ಮುಂದೆ ಬರುವ ದಾಣಿಯ ರುಚಿ ಹತ್ತಲಿ ಅಂತ ಒಂದೊಂದು ಹಿಡಿ. ಖನಿಜ ಮಿಶ್ರಣ ತರಿಸುವಾಗ ದನಗಳಿಗೆ ಮಾಡಿದ್ದನ್ನು ತರಬಾರದು. ಅದರಲ್ಲಿ ತಾಮ್ರ ಜಾಸ್ತಿ ಇರುತ್ತದೆ. ಕುರಿಯ ಪಿತ್ತಜನಕಾಂಗ ತಾಮ್ರವನ್ನು ಹೊರಹಾಕುವುದರಲ್ಲಿ ಬಹಳ ನಿಧಾನ, ಕೂಡಿಟ್ಟು ಕೂಡಿಟ್ಟು ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಟ್ಟು ಪ್ರಾಣ ತೆಗೆಯುತ್ತದೆ.

ಈಗ ತಲೆಬರಹದ ಕೆಲಸಕ್ಕೆ ಬರುತ್ತೇನೆ. ಪ್ರತಿ ಕುರಿಗೂ ಬೇರೆ ಕಟ್ಟೆ, ಬೇರೆ ಗೋದಲಿ. ಒಂದೇ ದೊಡ್ಡಿಯಲ್ಲಿ ಹತ್ತು ಕುರಿ ಬಿಟ್ಟು ಒಟ್ಟಿಗೆ ಮೇವು ಹಾಕಿದರೆ ಯಾರು ಎಷ್ಟು ತಿಂದರು ಅಂತ ದೇವರಿಗೇ ಗೊತ್ತು. ಜೋರಿನ ಕುರಿ ದಾಣಿ ಮುಗಿಸುತ್ತದೆ, ಪಾಪದ ಕುರಿಗೆ ಕಡ್ಡಿ. ಲೆಕ್ಕದ ಪ್ರಕಾರವೂ ಆಗ ಹತ್ತು ಕುರಿ ಅಲ್ಲ, ಒಂದು ದೊಡ್ಡಿ ಅಂತ ಒಂದೇ ಅಂಕಿ ಸಿಗುವುದು. ಹಾಗಂತ ಕುರಿಯನ್ನು ಒಂಟಿಯಾಗಿ ಗೋಡೆ ನಡುವೆ ಕೂಡಿದರೆ ಅದು ಗಾಬರಿಗೆ ಮೇವೇ ಮುಟ್ಟುವುದಿಲ್ಲ, ಗಾಬರಿಯ ಹಾರ್ಮೋನು ಬೆದೆಯನ್ನೂ ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ಅಡ್ಡಪಟ್ಟಿ ಹಾಕಿ, ಪಕ್ಕದವರ ಮುಖ ಕಾಣುವ ಹಾಗೆ, ಮೂತಿ ಮಾತ್ರ ಆಚೆ ಗೋದಲಿಗೆ ಸಿಗದ ಹಾಗೆ ಕಟ್ಟಿದ್ದು. ಮೂತಿ ಸಿಗದ ಹಾಗೆ ಅಂತ ಬರೆಯುವುದು ಸುಲಭ. ಒಂದು ಕುರಿ ಇತ್ತು, ಮಂಡಿಯೂರಿ ಕತ್ತು ಓರೆ ಮಾಡಿ ಕೆಳಗಿನ ಪಟ್ಟಿಯ ಸಂದಿಯಿಂದ ನಾಲಗೆ ಚಾಚಿ ಪಕ್ಕದ ಗೋದಲಿಯ ಜೋಳದ ನುಚ್ಚು ನೆಕ್ಕುತ್ತಿತ್ತು. ಪಟ್ಟಿ ಇನ್ನೊಂದು ಹೊಡೆದೆವು.

ಬೆಳಿಗ್ಗೆ ಮೇವು ತೂಗಿ ಹಾಕುವುದು, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನು ಗುಡಿಸಿ ತೆಗೆದು ತೂಗುವುದು. ಕೊಟ್ಟಿದ್ದರಿಂದ ಬಿಟ್ಟಿದ್ದನ್ನು ಕಳೆದರೆ ತಿಂದಿದ್ದು. ಇಷ್ಟೇ ತತ್ವ. ಆದರೆ ಬಿಟ್ಟ ಮೇವು ಹಾಕಿದ ಮೇವಲ್ಲ. ಅದಕ್ಕೆ ಜೊಲ್ಲು ಹತ್ತಿರುತ್ತದೆ, ನೀರಿನ ಬಟ್ಟಲಿಂದ ಮೂತಿ ಎತ್ತಿ ನೇರ ಗೋದಲಿಗೆ ಇಟ್ಟರೆ ನೀರು ಸೇರುತ್ತದೆ, ಸೆಖೆಯ ದಿನ ಒಣಗಿ ಹಗುರ ಆಗುತ್ತದೆ. ಹಾಗಾಗಿ ಹಸಿ ತೂಕಕ್ಕೆ ಬೆಲೆ ಇಲ್ಲ. ಕೊಟ್ಟಿದ್ದರ ಒಂದು ಹಿಡಿ, ಬಿಟ್ಟಿದ್ದರ ಒಂದು ಹಿಡಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಒಣಾಂಶದ ಲೆಕ್ಕದಲ್ಲೇ ಕಳೆಯಬೇಕು. ನೆಲಕ್ಕೆ ಚೆಲ್ಲಿದ್ದು ಇರುತ್ತದೆ, ಅದನ್ನು ಹಿಕ್ಕೆಯಿಂದ ಬೇರೆ ಮಾಡಿ ಆರಿಸಬೇಕು. ಬೆಳಿಗ್ಗೆ ಪೊರಕೆ, ಜರಡಿ, ಕಾಗದದ ಚೀಲ, ತಕ್ಕಡಿ. ಸಂಶೋಧನೆ ಅಂದರೆ ಬಿಳಿ ಕೋಟು ಅಂದುಕೊಂಡವರಿಗೆ ಈ ಕೊಟ್ಟಿಗೆ ತೋರಿಸಬೇಕು.

ಅದಕ್ಕಿಂತ ದೊಡ್ಡ ತಲೆನೋವು ಕುರಿ ಆರಿಸಿ ತಿನ್ನುವುದು. ದನದ ನಾಲಗೆ ಸುತ್ತಿ ಎಳೆಯುತ್ತದೆ, ಕುರಿಯ ತುಟಿ ಹಾಗಲ್ಲ. ಮೇಲ್ದುಟಿ ನಡುವೆ ಸೀಳಿದೆ, ಎರಡು ಕಡೆಯೂ ಬೇರೆಬೇರೆ ಆಡುತ್ತದೆ. ಗೋದಲಿ ಮುಂದೆ ಕೂತು ನೋಡಿದರೆ ಗೊತ್ತಾಗುತ್ತದೆ: ಮೂತಿ ಒಳಗಿಟ್ಟು ತುಟಿಯಲ್ಲೇ ಕೆದಕಿ, ಎಲೆ ಎಲ್ಲಿದೆ ಹುಡುಕಿ ಕಚ್ಚುತ್ತದೆ, ದಂಟು ಸಿಕ್ಕರೆ ಉಗುಳಿದ ಹಾಗೆ ಪಕ್ಕಕ್ಕೆ ತಳ್ಳುತ್ತದೆ. ಸಂಜೆಗೆ ಗೋದಲಿಯಲ್ಲಿ ನುಣುಪಾದ ದಂಟುಗಳು ಮಾತ್ರ ಒಂದು ಮೂಲೆಗೆ ಸೇರಿರುತ್ತವೆ. ಒಂದು ದಿನ ನಾನು ಪಟ್ಟಿಯಲ್ಲಿ ಈ ಕುರಿ ಕಡಿಮೆ ತಿಂದಿದೆ ಅಂತ ಬರೆಯುತ್ತಿದ್ದಾಗ ಅಣ್ಣ ಹೇಳಿದರು, "ಮೇಡಂ, ಅದು ಕಡಿಮೆ ತಿಂದಿಲ್ಲ. ಬೇಕಾದ್ದಷ್ಟೇ ತಿಂದಿದೆ." ನಿಜ. ಬಿಟ್ಟಿದ್ದೆಲ್ಲ ದಂಟಾದರೆ, ತಿಂದಿದ್ದು ನಾವು ಲೆಕ್ಕ ಹಾಕಿದ್ದಕ್ಕಿಂತ ಒಳ್ಳೆಯ ಮೇವು. ಅದಕ್ಕೇ ಬಿಟ್ಟ ಮೇವಿನಲ್ಲೂ ಪ್ರೋಟೀನ್ ಎಷ್ಟು, ನಾರು ಎಷ್ಟು ಅಂತ ಪ್ರಯೋಗಾಲಯದಲ್ಲಿ ನೋಡಲೇಬೇಕು. ಪ್ರೋಟೀನ್‌ಗೆ ಇವತ್ತಿಗೂ ಕೆಲ್‌ಡಾಲ್ ವಿಧಾನ ಬಳಕೆಯಲ್ಲಿದೆ, 1883ರದ್ದು. ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕ ಅಳೆದು 6.25ರಿಂದ ಗುಣಿಸುವುದು, ಪ್ರೋಟೀನ್‌ನಲ್ಲಿ ಸುಮಾರು ನೂರಕ್ಕೆ 16ರಷ್ಟು ಸಾರಜನಕ ಇರುತ್ತದೆ ಅನ್ನುವ ಲೆಕ್ಕದಲ್ಲಿ. ನಾರಿಗೆ ವ್ಯಾನ್ ಸೋಸ್ಟ್ ಅವರ ಡಿಟರ್ಜೆಂಟ್ ವಿಧಾನ. ಕುರಿ ತಿನ್ನದೆ ಬಿಟ್ಟ ಕಡ್ಡಿಯನ್ನು ಅಷ್ಟು ಶ್ರದ್ಧೆಯಿಂದ ಪುಡಿ ಮಾಡಿ ಕುದಿಸುವುದನ್ನು ನೋಡಿ ಹೊಸಬರು ನಗುತ್ತಿದ್ದರು.

ಬೆದೆ ಎಲ್ಲ ಕುರಿಗೂ ಒಂದೇ ಹೊತ್ತಿಗೆ ಬರಬೇಕು, ಇಲ್ಲದಿದ್ದರೆ ದಾಣಿ ಯಾರಿಗೆ ಯಾವ ಹಂತದಲ್ಲಿ ಸಿಕ್ಕಿತು ಅಂತ ಹೇಳಲಾಗುವುದಿಲ್ಲ. ಕುರಿಯ ಬೆದೆಚಕ್ರ ಸುಮಾರು 17 ದಿನ. ಅದನ್ನು ಸಾಲಿಗೆ ತರಲು ಪ್ರೊಜೆಸ್ಟರಾನ್ ತರಹದ ಹಾರ್ಮೋನು ಹೀರಿದ ಸ್ಪಂಜನ್ನು ಯೋನಿಯಲ್ಲಿ 12ರಿಂದ 14 ದಿನ ಇಟ್ಟು ತೆಗೆಯುತ್ತಾರೆ, 1960ರ ದಶಕದಲ್ಲಿ ಸಿಡ್ನಿಯಲ್ಲಿ ರಾಬಿನ್ಸನ್ ರೂಪಿಸಿದ ಉಪಾಯ. ಸ್ಪಂಜ್ ಒಳಗಿರುವಷ್ಟು ದಿನ ಅಂಡಾಶಯ ತಡೆದು ನಿಂತಿರುತ್ತದೆ, ತೆಗೆದ ಎರಡು ದಿನದ ಆಸುಪಾಸಿನಲ್ಲಿ ಒಟ್ಟೊಟ್ಟಿಗೆ ಬೆದೆ. ತೆಗೆಯುವ ದಿನದ ವಾಸನೆ ಬಗ್ಗೆ ಏನೂ ಬರೆಯುವುದಿಲ್ಲ, ಕೈಗವಸು ಎರಡೆರಡು ಹಾಕಿಕೊಳ್ಳಿ ಅಷ್ಟೇ. ಸಾಮಾನ್ಯವಾಗಿ ಸ್ಪಂಜ್ ತೆಗೆಯುವಾಗ ಇಸಿಜಿ ಅನ್ನುವ ಇನ್ನೊಂದು ಹಾರ್ಮೋನ್ ಚುಚ್ಚುತ್ತಾರೆ, ಗಬ್ಬದ ಕುದುರೆಯ ರಕ್ತದಿಂದ ತೆಗೆಯುವುದು ಅದು. ನಾವು ಚುಚ್ಚಲಿಲ್ಲ. ಆ ಹಾರ್ಮೋನೇ ಅಂಡದ ಸಂಖ್ಯೆ ಏರಿಸುತ್ತದೆ, ಆಮೇಲೆ ದಾಣಿಯ ಕೆಲಸ ಯಾವುದು ಚುಚ್ಚುಮದ್ದಿನ ಕೆಲಸ ಯಾವುದು ಅಂತ ಬಿಡಿಸುವುದು ಹೇಗೆ? ಚುಚ್ಚದೆ ಇದ್ದಿದ್ದಕ್ಕೆ ಬೆದೆ ಸ್ವಲ್ಪ ಹರಡಿಕೊಂಡು ಬಂತು, ರಾತ್ರಿ ನಿದ್ದೆ ಕೆಟ್ಟಿತು. ಪರವಾಗಿಲ್ಲ.

ಹೆಚ್ಚು ದಾಣಿ ಕೊಟ್ಟಿದ್ದು ಸ್ಪಂಜ್ ಹೊರಬರುವ ಮುಂಚಿನ ಕೆಲವೇ ದಿನ. ಇಷ್ಟು ಕಡಿಮೆ ದಿನ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಲೂಪಿನ್ ಕಾಳು ತಿನ್ನಿಸಿ ಮಾಡಿದ ಕೆಲಸಗಳಿಂದ ಗೊತ್ತಾಗಿದ್ದು ಇದು: ದಿನಕ್ಕೆ ಅರ್ಧ ಕಿಲೋ ಆಸುಪಾಸಿನ ಕಾಳು, ವಾರಕ್ಕಿಂತ ಕಡಿಮೆ ದಿನ ಕೊಟ್ಟರೂ ಅಂಡದ ಸಂಖ್ಯೆ ಏರಬಹುದು. ಮೈ ತೂಕ ಏರುವಷ್ಟು ಹೊತ್ತೇ ಆಗಿರುವುದಿಲ್ಲ. ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಏರುತ್ತವೆ, ಅಂಡ ಬೆಳೆಯುವ ಗುಳ್ಳೆಗಳಿಗೆ ಅದು ನೇರವಾಗಿ ಮುಟ್ಟುತ್ತದೆ, ಒಣಗಿಹೋಗಬೇಕಿದ್ದ ಗುಳ್ಳೆಗಳಲ್ಲಿ ಕೆಲವು ಬದುಕುತ್ತವೆ. ಇದು ಕೊನೆ ಗಳಿಗೆಯ ಮಾತು. ಇದರ ಹಿಂದೆ ಇನ್ನೊಂದು ಉದ್ದದ ಲೆಕ್ಕ ಇದೆ. ಕುರಿಯಲ್ಲಿ ಒಂದು ಗುಳ್ಳೆ ಮಲಗಿದ ಸ್ಥಿತಿಯಿಂದ ಎದ್ದು ಅಂಡ ಬಿಡುವ ಹಂತಕ್ಕೆ ಬರಲು ಸುಮಾರು 6 ತಿಂಗಳು ಬೇಕು. ಅಂದರೆ ಇವತ್ತು ಹೊರಬೀಳುವ ಅಂಡ ತಾಯಿ ಹಿಂದಿನ ಮರಿಗೆ ಹಾಲೂಡಿಸುತ್ತಿದ್ದಾಗಲೇ ಬೆಳೆಯಲು ಶುರು ಮಾಡಿರಬಹುದು. ಆಗಿನ ಹೊಟ್ಟೆಯ ಕಥೆಯೂ ಅದರಲ್ಲಿ ಸೇರಿರುತ್ತದೆ. ನಾವು ಅಳೆಯುತ್ತಿದ್ದುದು ಕೊನೆಯ ತುಣುಕನ್ನು ಮಾತ್ರ. ಬೆನ್ನು ಮುಟ್ಟಿ ಕೊಟ್ಟ ಆ ಅಂಕವೇ ಉಳಿದ ಕಥೆಯ ಒಂದು ಅಂದಾಜು.

ರಕ್ತ ತೆಗೆದಿದ್ದು ಬೆಳಗಿನ ಮೇವಿಗೆ ಮುಂಚೆ, ಕತ್ತಿನ ರಕ್ತನಾಳದಿಂದ. ಹೊತ್ತು ತಪ್ಪುವಂತಿಲ್ಲ. ತಿಂದ ಮೇಲೆ ಇನ್ಸುಲಿನ್ ಏರುತ್ತದೆ, ಒಬ್ಬರದು ತಿನ್ನುವ ಮುಂಚೆ ಇನ್ನೊಬ್ಬರದು ತಿಂದ ಮೇಲೆ ತೆಗೆದರೆ ಆ ಅಂಕಿಗಳನ್ನು ಎಸೆಯಬೇಕು. ಬೆದೆ ಹಿಡಿಯಲು ವೀರ್ಯನಾಳ ಕತ್ತರಿಸಿದ ಟಗರು, ಎದೆಗೆ ಬಣ್ಣದ ಕಡ್ಡಿ ಕಟ್ಟಿ ಬಿಟ್ಟಿದ್ದು. ಅದು ಹಾರಿದ ಕುರಿಯ ಸೊಂಟದ ಮೇಲೆ ಬಣ್ಣ. ಬಣ್ಣ ಬಿದ್ದ ಕುರಿಗಳಿಗೆ ಮಾತ್ರ ನಿಜವಾದ ಟಗರು. ಇದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಆ ನಕಲಿ ಟಗರಿಗೆ ಒಂದು ಕುರಿ ಕಂಡರೆ ಆಗುತ್ತಿರಲಿಲ್ಲ, ಅದು ಬೆದೆಯಲ್ಲಿದ್ದರೂ ಮೂಸಿ ಹೋಗಿಬಿಡುತ್ತಿತ್ತು, ಅದಕ್ಕೆ ಇನ್ನೊಂದು ಟಗರು ತರಬೇಕಾಯಿತು.

ಅಂಡ ಎಣಿಸುವ ದಿನ ಅಲ್ಟ್ರಾಸೌಂಡ್. ಪಶುವೈದ್ಯರು ಗುದದ್ವಾರದ ಮೂಲಕ ಸಣ್ಣ ಪ್ರೋಬ್ ತೂರಿಸಿ ಎರಡೂ ಅಂಡಾಶಯ ನೋಡಬೇಕು. ಪರದೆ ಮೇಲೆ ಕಪ್ಪು ದುಂಡಗೆ ಕಂಡರೆ ನೀರು ತುಂಬಿದ ಗುಳ್ಳೆ. ಬೂದು ಬಣ್ಣದಲ್ಲಿ ಮರಳು ಚೆಲ್ಲಿದ ಹಾಗೆ ಕಂಡರೆ ಕಾರ್ಪಸ್ ಲೂಟಿಯಂ. ಕೆಲವು ಕಾರ್ಪಸ್ ಲೂಟಿಯಂಗಳ ನಡುವೆಯೂ ನೀರಿನ ಕುಳಿ ಇರುತ್ತದೆ, ಆಗ ಸುತ್ತಲಿನ ಬೂದು ಅಂಚು ಎಷ್ಟು ದಪ್ಪ ಇದೆ ನೋಡಿ ಹೇಳಬೇಕು. ಪಕ್ಕಪಕ್ಕ ಅಂಟಿಕೊಂಡ ಎರಡನ್ನು ಒಂದು ಅಂತ ಎಣಿಸುವುದು ಸುಲಭ. ಹಾಗಾಗಿ ಇಬ್ಬರು ನೋಡುವುದು, ಇಬ್ಬರಿಗೂ ಈ ಕುರಿ ಯಾವ ಗುಂಪಿನದು ಅಂತ ಗೊತ್ತಿರಬಾರದು. ಗುಂಪಿನ ಪಟ್ಟಿ ನನ್ನ ಹತ್ತಿರ ಇತ್ತು, ಅದಕ್ಕೇ ನನಗೆ ಪರದೆ ಕಡೆ ಬರಲು ಬಿಡಲಿಲ್ಲ, ದೂರದಲ್ಲಿ ಕುರಿ ಹಿಡಿದುಕೊಂಡು ನಿಂತಿದ್ದೆ. ಮುಖ ನೋಡಿದರೂ ಗೊತ್ತಾಗಿಬಿಡುತ್ತದೆ ಅಂತ ವೈದ್ಯರ ತಮಾಷೆ. ತಮಾಷೆ ಅನ್ನಿಸಿದರೂ ಅದರಲ್ಲಿ ಸತ್ಯ ಇದೆ.

ಟಗರು ಬಿಟ್ಟ ಮೇಲೆ ಹೆಚ್ಚುವರಿ ದಾಣಿ ಕೊಡಲಿಲ್ಲ. ಇದನ್ನು ಕುರಿ ಸಾಕುವವರಿಗೆ ಹೇಳಿದರೆ ಒಪ್ಪುವುದಿಲ್ಲ, ಗಬ್ಬ ಕಟ್ಟಿದ ಕುರಿಗೆ ಕಡಿಮೆ ಮಾಡುವುದಾ ಅಂತಾರೆ. ಆದರೆ ಗಬ್ಬದ ಮೊದಲ ವಾರಗಳಲ್ಲಿ ಅತಿಯಾಗಿ ತಿನ್ನಿಸುವುದೂ ಅಪಾಯ. ಜಾಸ್ತಿ ತಿಂದರೆ ಪಿತ್ತಜನಕಾಂಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ಅದು ರಕ್ತದಲ್ಲಿನ ಪ್ರೊಜೆಸ್ಟರಾನ್ ಅನ್ನು ಬೇಗ ಬೇಗ ಕರಗಿಸಿ ಹಾಕುತ್ತದೆ. ಭ್ರೂಣ ನಿಲ್ಲಲು ಬೇಕಾದ ಹಾರ್ಮೋನೇ ಅದು. ಮೈ ಕಾಪಾಡಿಕೊಳ್ಳಲು ಬೇಕಾದಷ್ಟಕ್ಕಿಂತ ಎರಡು ಪಟ್ಟು ತಿನ್ನಿಸಿದ ಕುರಿಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆಯಾಯಿತು, ಹೊರಗಿಂದ ಪ್ರೊಜೆಸ್ಟರಾನ್ ಕೊಟ್ಟಾಗ ಸರಿಹೋಯಿತು ಅಂತ ಆಸ್ಟ್ರೇಲಿಯಾದ ಪಾರ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದಾರೆ. ಅಂಡ ಬಿಡುವ ಮುಂಚೆ ಯಾವುದು ಒಳ್ಳೆಯದೋ ಎರಡು ವಾರದ ಮೇಲೆ ಅದೇ ಕೆಟ್ಟದ್ದು. ಹಾಗಂತ ಉಪವಾಸ ಹಾಕುವುದೂ ಅಲ್ಲ, ಸಮನಾಗಿ ಕೊಡುವುದು. ಜಾಸ್ತಿ ಬೇಕಾಗುವುದು ಕೊನೆಯ 6 ವಾರ. ಹೊಟ್ಟೆಯಲ್ಲಿನ ಮರಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬೆಳೆಯುವುದು ಆಗಲೇ, ಅವಳಿ ಹೊತ್ತ ಕುರಿಗೆ ಆಗ ಹೊಟ್ಟೆಯಲ್ಲಿ ಮೇವಿಗೆ ಜಾಗವೇ ಇರುವುದಿಲ್ಲ, ಮೈಕೊಬ್ಬು ಕರಗಿಸಿ ಕರಗಿಸಿ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿ ಬಿದ್ದುಹೋಗುತ್ತದೆ. ಅದಕ್ಕೆ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿ ಒಂಟಿ ಯಾವುದು ಅವಳಿ ಯಾವುದು ಅಂತ ಬೇರೆ ಮಾಡಿಕೊಂಡೆವು, ಅವಳಿಯವಕ್ಕೆ ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ಇರುವ ಮೇವು.

ಅಂಕಿ ಎಲ್ಲ ಸೇರಿದ ಮೇಲೆ ಮೊದಲ ನೋಟಕ್ಕೆ ಚೆಂದದ ಉತ್ತರ. ಬಡಕಲು ಕುರಿಗೆ ಹೆಚ್ಚು ದಾಣಿ ಕೊಟ್ಟಾಗ ಅಂಡ ಜಾಸ್ತಿ, ಮೈ ತುಂಬಿದ ಕುರಿಗೆ ಕೊಟ್ಟಾಗ ವ್ಯತ್ಯಾಸ ಇಲ್ಲದ ಹಾಗೆ. ಪುಸ್ತಕಗಳಲ್ಲೂ ಬಹುಪಾಲು ಇದೇ ಇರುತ್ತದೆ: ಈಗಾಗಲೇ ಮೈ ತುಂಬಿದ ಕುರಿಗೆ ಫ್ಲಶಿಂಗ್ ಬೇಡ. ಅಲ್ಲಿಗೆ ನಿಲ್ಲಿಸಿ ಪ್ರಬಂಧ ಬರೆದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ ಅನ್ನಿಸುತ್ತದೆ.

ಆಮೇಲೆ ಬಿಟ್ಟ ಮೇವಿನ ಪಟ್ಟಿ ಸೇರಿಸಿ ನೋಡಿದೆವು. ಬಡಕಲು ಕುರಿಗಳು ದಾಣಿಯನ್ನೂ ತಿಂದಿದ್ದವು, ಒಣಮೇವನ್ನೂ ಹೆಚ್ಚುಕಡಿಮೆ ಮೊದಲಿನಷ್ಟೇ ತಿಂದಿದ್ದವು. ಮೈ ತುಂಬಿದ ಕುರಿಗಳು ದಾಣಿ ಪೂರ್ತಿ ಮುಗಿಸಿ ಒಣಮೇವನ್ನು ಬಿಟ್ಟಿದ್ದವು. ಅದೂ ಸ್ವಲ್ಪ ಅಲ್ಲ. ದಾಣಿಯಿಂದ ಬಂದ ಶಕ್ತಿಯಲ್ಲಿ ದೊಡ್ಡ ಪಾಲು ಬಿಟ್ಟ ಒಣಮೇವಿನಲ್ಲಿ ಹೊರಟುಹೋಗಿತ್ತು. ನಾವು ಹೆಚ್ಚು ಕೊಟ್ಟಿದ್ದೆವು, ಅವು ಹೆಚ್ಚು ತಿಂದಿರಲಿಲ್ಲ. ಒಂದರ ಬದಲು ಇನ್ನೊಂದು ತಿಂದಿದ್ದವು ಅಷ್ಟೇ. ಹಾಗಾದರೆ ಮೈ ತುಂಬಿದ ಕುರಿಯ ಅಂಡಾಶಯಕ್ಕೆ ಹೆಚ್ಚು ಆಹಾರದಿಂದ ಏನೂ ಆಗುವುದಿಲ್ಲ ಅಂತ ಹೇಳುವುದು ಹೇಗೆ? ಅದಕ್ಕೆ ಹೆಚ್ಚು ಆಹಾರ ಸಿಕ್ಕಿಯೇ ಇಲ್ಲ. ಸಾಕುವವರಿಗೆ ಎರಡೂ ಒಂದೇ, ದಾಣಿ ದಂಡ, ಕೊಡಬೇಡಿ ಅಂತ ಹೇಳಬಹುದು. ಆದರೆ ಯಾಕೆ ಅನ್ನುವ ಪ್ರಶ್ನೆಗೆ ಎರಡೂ ಬೇರೆಬೇರೆ ಉತ್ತರ. ಒಂದು ಅಂಡಾಶಯದ್ದು, ಇನ್ನೊಂದು ಹಸಿವಿನದು.

ನನಗೆ ಸಿಟ್ಟು ಬರುವುದು ಇಲ್ಲಿ. ಎಷ್ಟೋ ಪ್ರಬಂಧಗಳಲ್ಲಿ ಕುರಿಗೆ ಇಷ್ಟು ಗ್ರಾಂ ಕೊಡಲಾಯಿತು ಅಂತ ಇರುತ್ತದೆ. ತಿಂದಿದ್ದೆಷ್ಟು ಅಂತ ಹುಡುಕಿದರೆ ಸಿಗುವುದಿಲ್ಲ. ಗುಂಪಿನಲ್ಲಿ ತಿನ್ನಿಸಿದ್ದರಂತೂ ಬಿಡಿ. ಕೊಟ್ಟಿದ್ದನ್ನೇ ತಿಂದಿದ್ದು ಅಂತ ಇಟ್ಟುಕೊಂಡು ಅಂಡಾಶಯ, ಹಾರ್ಮೋನು, ವಂಶವಾಹಿ ಅಂತ ಪುಟಗಟ್ಟಲೆ ಚರ್ಚೆ. ಅಷ್ಟೆಲ್ಲ ದುಬಾರಿ ಹಾರ್ಮೋನ್ ಪರೀಕ್ಷೆ ಮಾಡಿಸುವವರು ಒಂದು ಪೊರಕೆ, ಒಂದು ತಕ್ಕಡಿಗೆ ಯಾಕೆ ಹಿಂಜರಿಯುತ್ತಾರೋ ಗೊತ್ತಿಲ್ಲ. ಬೇಜಾರಿನ ಕೆಲಸ ಅನ್ನುವುದೇ ಕಾರಣ ಇರಬೇಕು.

ಈಗ ಮುಂದಿನ ಪ್ರಯೋಗದ ಅರ್ಜಿ ತಯಾರಾಗುತ್ತಿದೆ, ಮೈ ತುಂಬಿದ ಕುರಿಗಳಿಗಾಗಿಯೇ. ಅವು ಒಣಮೇವು ಬಿಡದ ಹಾಗೆ ಹೆಚ್ಚು ಶಕ್ತಿ ಒಳಗೆ ಸೇರಿಸುವುದು ಹೇಗೆ ಅನ್ನುವುದರ ಮೇಲೆ ದಿನಾ ಜಗಳ. ಮೇವು, ದಾಣಿ ಎರಡನ್ನೂ ನುಣ್ಣಗೆ ಅರೆದು ಒಂದೇ ಗುಳಿಗೆ ಮಾಡಿದರೆ ಆರಿಸಿ ತಿನ್ನಲು ಆಗುವುದಿಲ್ಲ ಅಂತ ನಾನು. ಅಷ್ಟು ನುಣ್ಣಗಾದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹುಳಿ ಜಾಸ್ತಿ, ಆಗ ನೀನು ಅಳೆಯುವುದು ಬೇರೆಯೇ ಕುರಿಯನ್ನು ಅಂತ ಸರ್. ಒಣಮೇವನ್ನು ಬೆರಳುದ್ದಕ್ಕೆ ಕತ್ತರಿಸಿ ದಾಣಿ ಜೊತೆ ಒದ್ದೆ ಮಾಡಿ ಕಲಸಿ ಹಾಕಿ ನೋಡಿ ಅಂತ ಅಣ್ಣ. ಸದ್ಯಕ್ಕೆ ಅಣ್ಣನ ಉಪಾಯವನ್ನು ನಾಲ್ಕಾರು ಕುರಿಗಳ ಮೇಲೆ ನೋಡುತ್ತಿದ್ದೇವೆ. ಎರಡು ಕುರಿಗಳು ಆಗಲೇ ಅದರಲ್ಲೂ ದಂಟು ಬೇರೆ ಮಾಡುವುದನ್ನು ಕಲಿತಿವೆ.